ಹಲ್ಲು ಮೊದಲು, ದವಡೆ ಆಮೇಲೆ: ಬ್ಯಾರಿಯೋನಿಕ್ಸ್ ತಲೆ ಮಾಡಿದ ನನ್ನ ಅನುಭವ

ದವಡೆಯನ್ನು ಎರಕ ಹೊಯ್ದು, ಆಮೇಲೆ ತೂತು ಕೊರೆದು ಹಲ್ಲು ಕೂರಿಸುವುದು ಪ್ರದರ್ಶನಕ್ಕೆ ಪ್ರಾಣಿಗಳ ಮಾದರಿ ಮಾಡುವ ನಮ್ಮ ಕಸುಬಿನಲ್ಲಿ ನಡೆದುಬಂದ ಪದ್ಧತಿ. ಬ್ಯಾರಿಯೋನಿಕ್ಸ್ ಎಂಬ ಡೈನೋಸಾರಿನ ತಲೆಗೆ ಅದನ್ನು ಹಿಂದುಮುಂದು ಮಾಡುತ್ತೇನೆ ಎಂದಾಗ ಜೊತೆಯ ಕಲಾವಿದರಲ್ಲಿ ಒಬ್ಬರೂ ಒಪ್ಪಲಿಲ್ಲ. ಕಳೆದ ತಿಂಗಳು ಆ ತಲೆ ಒಂದು ಹಲ್ಲೂ ಅಲುಗದೆ ಪೀಠವೇರಿತು.

1983ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ, ಇಟ್ಟಿಗೆಗಾಗಿ ಮಣ್ಣು ತೆಗೆಯುವ ಗುಂಡಿಯೊಂದರಲ್ಲಿ ಹವ್ಯಾಸಿ ಸಂಗ್ರಾಹಕ ವಿಲಿಯಂ ವಾಕರ್ ಅವರಿಗೆ ಸಿಕ್ಕಿ, 1986ರಲ್ಲಿ ಪಳೆಯುಳಿಕೆ ವಿಜ್ಞಾನಿಗಳಾದ ಅಲನ್ ಚಾರಿಗ್ ಮತ್ತು ಏಂಜೆಲಾ ಮಿಲ್ನರ್ ಅವರಿಂದ ಹೆಸರು ಪಡೆದ ಈ ಪ್ರಾಣಿಯ ಮೂತಿ ಘರಿಯಲ್ ಮೊಸಳೆಯದರಂತೆ ನೀಳವಾಗಿ, ಕಿರಿದಾಗಿದ್ದು, ತುದಿಯಲ್ಲಿ ಮಾತ್ರ ಸೌಟಿನಂತೆ ಅಗಲವಾಗುತ್ತದೆ. ಕೆಳದವಡೆಯ ಒಂದೊಂದು ಬದಿಗೂ 32 ಹಲ್ಲುಗಳು. ಅಷ್ಟು ಸಪೂರ ದವಡೆಗೆ ಅಷ್ಟು ತೂತು ಕೊರೆಯಹೋಗಿ ನನ್ನ ಮೊದಲ ಎರಕ ಹದಿನೇಳನೆಯ ಹಲ್ಲಿನ ಹತ್ತಿರ ಉದ್ದಕ್ಕೆ ಸೀಳಿತು. ಎರಡನೆಯದಕ್ಕೆ ಫೈಬರ್ ಮ್ಯಾಟ್ (ಬಲ ಕೊಡುವ ಗಾಜಿನೆಳೆಯ ಹಾಳೆ) ಒಂದು ಪದರ ಹೆಚ್ಚು ಹಾಕಿದೆ. ಸೀಳಲಿಲ್ಲ, ಆದರೆ ಭಾರಕ್ಕೆ ಮೂತಿ ಜೋತುಬಿತ್ತು. ಕೈಗೆ ಬಂದ ಮುಂಗಡ ಹನ್ನೆರಡು ಸಾವಿರ, ಅಷ್ಟರಲ್ಲಿ ಖರ್ಚಾದದ್ದು ಇಪ್ಪತ್ತಮೂರು ಸಾವಿರದಷ್ಟು.

ಮೂರನೆಯ ಸಲ ಹಲ್ಲುಗಳನ್ನೇ ಮೊದಲು ಎರಕ ಹೊಯ್ದು, ಬುಡಕ್ಕೆ ತಂತಿ ಸೇರಿಸಿ, ಜೇಡಿಮಣ್ಣಿನ ಮಾದರಿಯಲ್ಲಿ ನೆಟ್ಟು, ಮೇಲೆ ಪ್ಲಾಸ್ಟರ್ ಅಚ್ಚು ತೆಗೆದೆ. ಮಣ್ಣು ಕಿತ್ತಾಗ ಹಲ್ಲುಗಳು ಅಚ್ಚಿನಲ್ಲೇ ಉಳಿದು, ತಂತಿಗಳು ಒಳಕ್ಕೆ ಚಾಚಿದ್ದವು. ಅವುಗಳ ಸುತ್ತ ತೆಳುವಾಗಿ ರೆಸಿನ್ (ಆರಿ ಗಟ್ಟಿಯಾಗುವ ಅಂಟುದ್ರವ) ಮತ್ತು ಮ್ಯಾಟ್ ಹಾಕಿದೆ. ಅಚ್ಚನ್ನು ಒಡೆದೇ ತೆಗೆಯಬೇಕು, ಮತ್ತೊಂದು ಪ್ರತಿ ಬರುವುದಿಲ್ಲ. ಹಲ್ಲಿನ ಮೇಲೆ ರೆಸಿನ್ ಹರಿಯದಂತೆ ನಾನು ಏನು ಸವರಿದೆ ಎಂಬುದು ನನ್ನಲ್ಲೇ ಇರಲಿ.

ಸೀಳಿದ ದವಡೆಯನ್ನು ಎಸೆಯಲು ಮನಸ್ಸಾಗದೆ, ಅದರ ತುಂಡುಗಳಲ್ಲಿ ಒದ್ದೆ ರೋಹು ಮೀನನ್ನು ಹಿಡಿದು ಎಳೆದು ನೋಡಿದೆ. ಶಂಕುವಿನಾಕಾರದ ಹಲ್ಲುಗಳು ನಾಟಿ ನಿಂತವು. ಹಳೆಯ ಮಾದರಿಯೊಂದರ ಚಪ್ಪಟೆ ಹಲ್ಲುಗಳು ಮಾಂಸವನ್ನು ಸೀಳಿ ಮೀನನ್ನು ಬಿಟ್ಟುಕೊಟ್ಟವು. ಈ ಪ್ರಾಣಿಯ ಪಕ್ಕೆಲುಬುಗಳ ನಡುವೆ ಜಠರದ ಆಮ್ಲ ತಿಂದಿದ್ದ ಲೆಪಿಡೋಟೀಸ್ ಎಂಬ ಪುರಾತನ ಮೀನಿನ ಹುರುಪೆಗಳು ಸಿಕ್ಕಿದ್ದರಿಂದ, ರೋಹುವಿನ ಹುರುಪೆಗಳನ್ನೂ ವಿನಿಗರ್‌ನಲ್ಲಿ ನೆನೆಹಾಕಿದೆ. ಬೆಳಗಾಗುವಷ್ಟರಲ್ಲಿ ಅವು ಮೆತ್ತಗಾಗಿ ಬಾಗಿದವು, ಪ್ರದರ್ಶನಕ್ಕೆ ಬರಲಿಲ್ಲ. ಅದೇ ಒಡಲಲ್ಲಿ ಇಗ್ವಾನೊಡಾನ್ ಬಗೆಯ ಎಳೆಯ ಡೈನೋಸಾರಿನ ಮೂಳೆಗಳೂ ಇದ್ದುದರಿಂದ, ಫಲಕದಲ್ಲಿ ‘ಮೀನನ್ನಷ್ಟೇ ತಿನ್ನುತ್ತಿತ್ತು’ ಎಂದು ಬರೆಸಲು ನಾನು ಬಿಡಲಿಲ್ಲ.

ಈಗ ಕೈ ಹಾಕಿರುವುದು ಇದೇ ಪ್ರಾಣಿಯ ಉಗುರಿಗೆ. ವಾಕರ್ ಅವರಿಗೆ ಮೊದಲು ಕಂಡದ್ದೂ ಅದೇ, ಹೊರಬಾಗಿನ ಉದ್ದಕ್ಕೆ ಅಳೆದರೆ ಸುಮಾರು 31 ಸೆಂ.ಮೀ. ಅದು ಬರಿಯ ಮೂಳೆಯ ಅಳತೆಯಾದ್ದರಿಂದ ಅದರ ಮೇಲಿದ್ದ ಕೊಂಬಿನಂಥ ಪೊರೆಗೆ ಇನ್ನಷ್ಟು ಸೇರಿಸಿ ಮಣ್ಣು ಹಚ್ಚುತ್ತಿದ್ದೇನೆ.