ಎರಡು ಮ್ಯಾಗ್ನೆಟೋ ಇದ್ದರೆ ದಾರಿಯೂ ಎರಡಿರಲಿ: ವಿಮಾನದ ಎಂಜಿನ್‌ಗೆ ನಾನೇ ವೈರ್ ಎಳೆದ ಅನುಭವ

ಬಳ್ಳಾರಿಯ ಹೊರಗೆ ಒಂದು ಶೆಡ್ಡಿನಲ್ಲಿ ನಾವು ಕೆಲವು ಗೆಳೆಯರು ಸೇರಿ ಇಬ್ಬರು ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದೇವೆ. ಎಂಜಿನ್ ಕಾಂಟಿನೆಂಟಲ್ ಓ-200. ಹಳೆಯ ಸೆಸ್ನಾ 150 ವಿಮಾನಗಳಲ್ಲಿ ಇದ್ದದ್ದು ಇದೇ. ನಾಲ್ಕು ಸಿಲಿಂಡರ್, 2750 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 100 ಕುದುರೆ ಶಕ್ತಿ. ಹಾರಾಟದ ಅನುಮತಿ, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಕಾಗದಪತ್ರ ಎಲ್ಲ ಬೇರೆಯೇ ಕಥೆ. ಇಲ್ಲಿ ನನ್ನ ಪಾಲಿಗೆ ಬಂದ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ಅದು ಇಗ್ನಿಷನ್ ವೈರಿಂಗ್, ಅಂದರೆ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ವ್ಯವಸ್ಥೆಯ ವೈರಿಂಗ್.

ಈ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್‌ಗೂ ಎರಡೆರಡು ಪ್ಲಗ್. ಹಿಂಭಾಗದಲ್ಲಿ ಎರಡು ಮ್ಯಾಗ್ನೆಟೋ, ಅಂದರೆ ಎಂಜಿನ್ ತಿರುಗುವಾಗ ಕಿಡಿಗೆ ಬೇಕಾದ ಕರೆಂಟನ್ನು ತಾವೇ ಹುಟ್ಟಿಸುವ ಪುಟ್ಟ ಯಂತ್ರಗಳು. ಪ್ರತಿ ಮ್ಯಾಗ್ನೆಟೋ ಎಲ್ಲ ಸಿಲಿಂಡರ್‌ಗಳಿಗೂ ಒಂದೊಂದು ಪ್ಲಗ್ ಹೊತ್ತಿಸುತ್ತದೆ. ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಒಂದು ಮ್ಯಾಗ್ನೆಟೋ ಕೆಟ್ಟರೂ ಇನ್ನೊಂದು ಎಂಜಿನ್ ಓಡಿಸುತ್ತದೆ. ಎಷ್ಟು ಒಳ್ಳೆಯ ಏರ್ಪಾಡು ಅಲ್ವಾ? ಆದರೆ ಎರಡರ ವೈರನ್ನೂ ಒಂದೇ ಕಟ್ಟಿನಲ್ಲಿ ಸುತ್ತಿ, ಒಂದೇ ತೂತಿನಲ್ಲಿ ತೂರಿಸಿ, ಒಂದೇ ಕೀ ಸ್ವಿಚ್ಚಿಗೆ ತಂದು ಮುಗಿಸಿದರೆ ಆ ಎರಡು ಎಲ್ಲಿ ಉಳಿಯಿತು? ಒಂದು ಕಡೆ ಉಜ್ಜಿದರೆ ಎರಡೂ ಹೋದವು. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ತೀರ್ಮಾನ ಮಾಡಿದೆ. ಎಡದ ವೈರ್ ಎಡಕ್ಕೆ, ಬಲದ್ದು ಬಲಕ್ಕೆ. ಬೇರೆ ಕ್ಲಾಂಪ್, ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವೆ ಬೆಂಕಿ ತಡೆಯುವ ಗೋಡೆ) ಬೇರೆ ತೂತು, ಡ್ಯಾಶ್‌ಬೋರ್ಡಿನಲ್ಲಿ ಬೇರೆ ಬೇರೆ ಟಾಗಲ್ ಸ್ವಿಚ್.

ಮ್ಯಾಗ್ನೆಟೋದಿಂದ ಸ್ವಿಚ್ಚಿಗೆ ಬರುವ ವೈರಿಗೆ ಪಿ-ಲೀಡ್ ಅನ್ನುತ್ತಾರೆ. ಕೌಲ್ ಬಜಾರಿನಲ್ಲಿ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡುವ ಗೆಳೆಯರೊಬ್ಬರು ವೈರಿನ ತುದಿಗೆ ಟರ್ಮಿನಲ್ ಒತ್ತಿ ಕೂರಿಸಲು (ಕ್ರಿಂಪ್ ಮಾಡಲು) ಬಂದಿದ್ದರು. ನನ್ನ ಚಿತ್ರ ನೋಡಿ, "ಸ್ವಿಚ್ ಆನ್ ಅಂದ್ರೆ ಕನೆಕ್ಷನ್ ಕೂಡಬೇಕಲ್ಲ, ನೀವು ಕನೆಕ್ಷನ್ ಬಿಚ್ಚಿ ತೋರಿಸಿದ್ದೀರಲ್ಲ?" ಅಂದರು. ನ್ಯಾಯವಾದ ಪ್ರಶ್ನೆ. ಕಾರಿನಲ್ಲಿ ಸ್ವಿಚ್ ಕರೆಂಟ್ ಕೊಡುತ್ತದೆ. ಮ್ಯಾಗ್ನೆಟೋಗೆ ಕರೆಂಟ್ ಕೊಡುವುದೇ ಬೇಕಿಲ್ಲ, ಅದು ತಾನೇ ಹುಟ್ಟಿಸುತ್ತದೆ. ನಿಲ್ಲಿಸಬೇಕಾದರೆ ಅದರ ಪ್ರೈಮರಿ ಕಾಯಿಲನ್ನು ಅರ್ಥ್‌ಗೆ ಮುಟ್ಟಿಸಬೇಕು. ಅಂದರೆ ಆಫ್ ಮಾಡಿದಾಗ ಕನೆಕ್ಷನ್ ಕೂಡುತ್ತದೆ, ಆನ್ ಮಾಡಿದಾಗ ಬಿಡುತ್ತದೆ. ಹಳೆಯ ಮೊಪೆಡ್‌ಗಳ ಮ್ಯಾಗ್ನೆಟೋ ನೆನಪಿಸಿದ ತಕ್ಷಣ ಅವರಿಗೆ ಹೊಳೆಯಿತು.

ಇದರಿಂದ ಎರಡು ತದ್ವಿರುದ್ಧ ಅಪಾಯ ಬರುತ್ತವೆ. ಪಿ-ಲೀಡ್‌ನ ಹೊದಿಕೆ ಸವೆದು ತಾಮ್ರ ಕಬ್ಬಿಣಕ್ಕೆ ತಗುಲಿದರೆ ಆ ಮ್ಯಾಗ್ನೆಟೋ ಗಾಳಿಯಲ್ಲೇ ಸತ್ತುಹೋಗುತ್ತದೆ. ಅದೇ ವೈರ್ ತುಂಡಾದರೆ ಮ್ಯಾಗ್ನೆಟೋ ಆಫ್ ಆಗುವುದೇ ಇಲ್ಲ. ಸ್ವಿಚ್ ಆಫ್ ಇದೆ ಅಂತ ನಂಬಿ ಯಾರಾದರೂ ಪ್ರೊಪೆಲ್ಲರ್ ತಿರುಗಿಸಿದರೆ ಎಂಜಿನ್ ಹೊತ್ತಿಕೊಂಡು ಕೈ ಹೋಗಬಹುದು, ಜೀವವೂ ಹೋಗಬಹುದು. ಸವೆಯಲೂಬಾರದು, ತುಂಡಾಗಲೂಬಾರದು. ನನ್ನ ಇಡೀ ಕೆಲಸ ಇಷ್ಟೇ.

ವೈರ್ ಆಯ್ಕೆಯಲ್ಲಿ ಜಿಪುಣತನ ಮಾಡಲಿಲ್ಲ. ಅಂಗಡಿಯಲ್ಲಿ ಸಿಗುವ ಪಿವಿಸಿ ವೈರ್ ಬೇಡ. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿ ಓಡಾಡುವುದಿಲ್ಲ, ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ಒಳಗೆ ಬಿಸಿ ಇನ್ನೂ ಏರುತ್ತದೆ. 150 ಡಿಗ್ರಿ ತಾಳುವ ಟೆಫ್ಜೆಲ್ ಹೊದಿಕೆಯ, ಹೊರಗೆ ಲೋಹದ ಜಾಲರಿ ಇರುವ ಶೀಲ್ಡೆಡ್ ವೈರ್ ತರಿಸಿದೆ. ಜಾಲರಿ ಬೇಕಾಗುವುದು ರೇಡಿಯೋ ಸಲುವಾಗಿ. ವಿಮಾನದ ರೇಡಿಯೋ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ, ಅದೂ ಎಎಂನಲ್ಲಿ. ಕಿಡಿಯ ಸದ್ದು ಅದರೊಳಗೆ ಸುಲಭವಾಗಿ ನುಗ್ಗುತ್ತದೆ. ಜಾಲರಿಯ ಒಂದು ತುದಿಯನ್ನು ಮ್ಯಾಗ್ನೆಟೋ ಮೈಗೆ ಸೇರಿಸಿದೆ. ಇನ್ನೊಂದು ತುದಿಯನ್ನು ಸ್ವಿಚ್ಚಿನ ಅರ್ಥ್ ಟರ್ಮಿನಲ್‌ಗೆ ಮಾತ್ರ ಕೊಟ್ಟೆ, ವಿಮಾನದ ಫ್ರೇಮಿಗೆ ಮುಟ್ಟಿಸಲಿಲ್ಲ. ಹೀಗೆ ಮಾಡಿದರೆ ಹೋದ ಕರೆಂಟ್ ಅದೇ ಜಾಲರಿಯಲ್ಲಿ ವಾಪಸ್ ಬರುತ್ತದೆ, ಫ್ರೇಮಿನ ತುಂಬ ಅಲೆಯುವುದಿಲ್ಲ.

ಇನ್ನು ನಮ್ಮೂರಿನ ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹೋದವರಿಗೆ ಅದು ಗೊತ್ತು. ಎಲ್ಲೆಂದರಲ್ಲಿ ನುಗ್ಗುವ ಕೆಂಪು ಪುಡಿ. ಪ್ಲಾಸ್ಟಿಕ್ ಜಿಪ್ ಟೈ ಬಿಗಿದು ವೈರನ್ನು ಎಂಜಿನ್ ಮೌಂಟಿನ (ಎಂಜಿನ್ ಹೊತ್ತ ಉಕ್ಕಿನ ಚೌಕಟ್ಟು) ಪೈಪಿಗೆ ಕಟ್ಟುವವರಿದ್ದಾರೆ. ಟೈ ಕೆಳಗೆ ಧೂಳು ಸೇರಿಕೊಂಡರೆ ಎಂಜಿನ್ ಅದುರಿದಷ್ಟೂ ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ವೈರ್ ಮಾತ್ರವಲ್ಲ, ಉಕ್ಕಿನ ಪೈಪೂ ಸವೆಯುತ್ತದೆ. ಬಿಸಿಗೆ ಟೈ ಒಣಗಿ ಮುರಿಯುತ್ತದೆ ಕೂಡ. ಅದಕ್ಕೇ ನಾನು ರಬ್ಬರ್ ಮೆತ್ತೆ ಇರುವ ಏಡೆಲ್ ಕ್ಲಾಂಪ್ ಮಾತ್ರ ಬಳಸಿದೆ. ಸೈಜ್ ಸರಿಯಾಗಿರಬೇಕು. ವೈರ್ ಕ್ಲಾಂಪಿನೊಳಗೆ ಜಾರಬಾರದು, ಅಪ್ಪಚ್ಚಿಯೂ ಆಗಬಾರದು. ಬೋಲ್ಟ್ ಮೇಲೆ, ವೈರ್ ಕೆಳಗೆ ಬರುವ ಹಾಗೆ ಕೂರಿಸಿದೆ.

ತುಂಬ ಯೋಚನೆ ಮಾಡಿದ್ದು ವೈರ್ ಎಂಜಿನ್‌ನಿಂದ ವಿಮಾನದ ಮೈಗೆ ದಾಟುವ ಜಾಗದಲ್ಲಿ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಅದು ಒದೆದುಕೊಳ್ಳುತ್ತದೆ. ಫೈರ್‌ವಾಲ್ ಅಲ್ಲಾಡುವುದಿಲ್ಲ. ಮಧ್ಯದಲ್ಲಿ ವೈರ್ ಬಿಗಿಯಾಗಿದ್ದರೆ ಅಷ್ಟೂ ಎಳೆತ ಟರ್ಮಿನಲ್ ಮೇಲೆ ಬಿದ್ದು ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಎಂಜಿನ್ ಮೇಲೆ ಒಂದು ಕ್ಲಾಂಪ್, ಆಮೇಲೆ ಧಾರಾಳವಾದ ಒಂದು ಸುತ್ತು, ಆಮೇಲೆ ಮೌಂಟಿನ ಮೇಲೆ ಇನ್ನೊಂದು ಕ್ಲಾಂಪ್. ಆ ಸುತ್ತು ಎಂಜಿನ್ ಎಷ್ಟೇ ಕುಣಿದರೂ ಯಾವುದಕ್ಕೂ ತಗುಲಬಾರದು. ಎಂಜಿನ್ನನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ಟಾರ್ಚ್ ಹಿಡಿದು ನೋಡಿದೆ.

ಪೆಟ್ರೋಲ್ ಪೈಪ್ ಹತ್ತಿರ ವೈರ್ ಹೋಗಲೇಬೇಕಾದ ಕಡೆ ವೈರ್ ಮೇಲೆ, ಪೈಪ್ ಕೆಳಗೆ. ಸೋರಿದರೆ ಹನಿ ವೈರಿನ ಮೇಲೆ ಬೀಳಬಾರದಲ್ಲ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಕೈಪಿಡಿ ಪ್ರಕಾರ ಆರು ಇಂಚಿಗಿಂತ ಹತ್ತಿರವಾದರೆ ವೈರನ್ನು ಕ್ಲಾಂಪ್ ಹಾಕಿ ಗಟ್ಟಿಯಾಗಿ ಹಿಡಿಸಬೇಕು. ಏನೇ ಆದರೂ ಅರ್ಧ ಇಂಚಿಗಿಂತ ಹತ್ತಿರ ಬರುವಂತಿಲ್ಲ. ಫೈರ್‌ವಾಲ್ ತೂತಿನಲ್ಲಿ ಬರೀ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಬಿಟ್ಟರೆ ಬೆಂಕಿಯಲ್ಲಿ ಅದು ಉರಿದು ಕಿಂಡಿ ತೆರೆದುಕೊಳ್ಳುತ್ತದೆ. ಉಕ್ಕಿನ ಮುಚ್ಚಳ, ಸುತ್ತ ಬೆಂಕಿ ತಡೆಯುವ ಸೀಲೆಂಟ್ ಹಾಕಿದೆ.

ಪ್ಲಗ್ ಕಡೆಯ ವೈರ್‌ಗಳು ರೆಡಿಮೇಡ್ ಆಗಿ ಬರುತ್ತವೆ, ಆದರೆ ಅವು ಹೋಗುವ ದಾರಿ ನಮ್ಮದೇ. ಕೆಳಗಿನ ಪ್ಲಗ್‌ಗಳ ವೈರ್ ಎಕ್ಸಾಸ್ಟ್ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ಕ್ಲಾಂಪ್ ಹಾಕಿ ದೂರಕ್ಕೆ ಎಳೆದು ಹಿಡಿದೆ. ತಂಪು ಗಾಳಿಗೆ ದಾರಿ ತೋರುವ ತಗಡು, ಅಂದರೆ ಬ್ಯಾಫಲ್ ದಾಟುವಲ್ಲಿ ಗ್ರೊಮೆಟ್ ಬೇಕೇ ಬೇಕು. ಪ್ಲಗ್ಗಿಗೆ ನಟ್ ಬಿಗಿಯುವಾಗ ಒಂದು ಸ್ಪ್ಯಾನರ್‌ನಿಂದ ವೈರಿನ ಕೊರಳು ಹಿಡಿದುಕೊಳ್ಳಿ, ಇನ್ನೊಂದರಿಂದ ನಟ್ ತಿರುಗಿಸಿ. ಇಲ್ಲದಿದ್ದರೆ ವೈರ್ ಒಳಗೇ ತಿರುಚಿಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತುದಿಯ ಸ್ಪ್ರಿಂಗನ್ನು ಬೆವರಿನ ಕೈಯಲ್ಲಿ ಮುಟ್ಟಬೇಡಿ.

ಮೀಟರ್ ಹಿಡಿಯುವಾಗ ಒಂದು ಎಚ್ಚರ. ಪಿ-ಲೀಡ್ ಮ್ಯಾಗ್ನೆಟೋಗೆ ಸೇರಿದ್ದಾಗಲೇ ಅಳೆದರೆ ಕಾಯಿಲ್ ಮೂಲಕವೇ ಕಡಿಮೆ ಓಮ್ ತೋರಿಸುತ್ತದೆ, ಏನೂ ಗೊತ್ತಾಗುವುದಿಲ್ಲ. ಆ ತುದಿ ಬಿಚ್ಚಿಯೇ ಅಳೆಯಬೇಕು. ಆದರೆ ಬಿಚ್ಚಿದ ಕ್ಷಣ ಆ ಮ್ಯಾಗ್ನೆಟೋ ಆನ್ ಆದ ಹಾಗೆಯೇ! ಹಾಗಾಗಿ ಮೊದಲು ಎಲ್ಲ ಪ್ಲಗ್‌ಗಳ ವೈರ್ ತೆಗೆದು, ಪ್ರೊಪೆಲ್ಲರ್‌ಗೆ ಕೆಂಪು ಬಟ್ಟೆ ಕಟ್ಟಿ, ಆಮೇಲೆ ಮೀಟರ್ ಹಿಡಿದೆ. ಆಫ್‌ನಲ್ಲಿ ಸೊನ್ನೆಗೆ ಹತ್ತಿರ, ಆನ್‌ನಲ್ಲಿ ಪೂರ್ತಿ ಓಪನ್. ಒಬ್ಬರು ವೈರನ್ನು ಉದ್ದಕ್ಕೂ ಅಲ್ಲಾಡಿಸುತ್ತಿದ್ದರು, ನಾನು ಮುಳ್ಳು ನೋಡುತ್ತಿದ್ದೆ. ಅದು ಕದಲಲಿಲ್ಲ.

ವಿಮಾನವನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿ, ಚಕ್ರಕ್ಕೆ ಅಡ್ಡ ಇಟ್ಟು ಎಂಜಿನ್ ಓಡಿಸಿದೆವು. 1700 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೋ ಆಫ್ ಮಾಡಿ ನೋಡಬೇಕು. ಸೆಸ್ನಾ 150ರ ಕೈಪಿಡಿಯಲ್ಲಿ ಆರ್‌ಪಿಎಂ ಇಳಿಕೆ 150 ಮೀರಬಾರದು, ಎರಡು ಮ್ಯಾಗ್ನೆಟೋಗಳ ಇಳಿಕೆಯ ನಡುವಿನ ವ್ಯತ್ಯಾಸ 75 ಮೀರಬಾರದು ಅಂತಿದೆ. ನಮ್ಮದು ಅದರೊಳಗೇ ಇತ್ತು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಸ್ವಲ್ಪವೂ ಇಳಿಯದಿದ್ದರೆ ಖುಷಿಪಡಬಾರದು. ಆಫ್ ಮಾಡಿದ ಮ್ಯಾಗ್ನೆಟೋ ಆಫ್ ಆಗಿಲ್ಲ ಅನ್ನುವುದರ ಗುರುತು ಅದು. ಕೊನೆಗೆ ಐಡಲ್‌ಗೆ ಇಳಿಸಿ ಎರಡೂ ಸ್ವಿಚ್ಚನ್ನು ಒಂದು ಕ್ಷಣ ಆಫ್ ಮಾಡಿದೆ. ಎಂಜಿನ್ ಸದ್ದು ಸರಿಯಾಗಿ ಕಡಿಯಿತು.

ರೇಡಿಯೋ ಹಾಕಿ ಕೇಳಿದಾಗ ಆರ್‌ಪಿಎಂ ಜೊತೆ ಏರುವ ಟಿಕ್ ಟಿಕ್ ಸದ್ದು ಇರಲಿಲ್ಲ. ಇದ್ದಿದ್ದರೆ ಒಂದೊಂದೇ ಮ್ಯಾಗ್ನೆಟೋ ಆಫ್ ಮಾಡಿ ಯಾವ ಕಡೆಯ ಜಾಲರಿ ಬಿಟ್ಟಿದೆ ಅಂತ ಹುಡುಕಬಹುದಿತ್ತು. ತಣ್ಣಗಾದ ಮೇಲೆ ಕೌಲಿಂಗ್ ಬಿಚ್ಚಿ ಪ್ರತಿ ಕ್ಲಾಂಪಿನ ಧೂಳು ಒರೆಸಿ ನೋಡಿದೆ. ಸುತ್ತುಗಳ ಹೊದಿಕೆ ಮೇಲೆ ಉಜ್ಜಿದ ಹೊಳಪು ಎಲ್ಲೂ ಇಲ್ಲ. ಎಡದ ವೈರಿಗೆ ಕೆಂಪು ಕೊಳವೆ ಹೊದಿಕೆ, ಬಲದ್ದಕ್ಕೆ ಹಸಿರು ಹಾಕಿದ್ದೇನೆ. ನಾಳೆ ಬೇರೆಯವರು ಕೌಲಿಂಗ್ ತೆಗೆದರೂ ಯಾವುದು ಯಾವ ಮ್ಯಾಗ್ನೆಟೋದ್ದು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.