ಟೈಲರಮ್ಮನೇ ನಮ್ಮ ಪೇಷಂಟ್

2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಎಟ್‌ಕಾಮ್ ಬಂತು, ಅಂದರೆ ಪೇಷಂಟ್ ಜೊತೆ ಹೇಗೆ ನಡೆದುಕೊಳ್ಳಬೇಕು, ಹೇಗೆ ಮಾತಾಡಬೇಕು ಅನ್ನುವ ಪಾಠ. ಎಲ್ಲರಂತೆ ನಾನೂ ಸ್ಲೈಡ್ ಹಾಕಿದೆ. ಹುಡುಗರು ಕೆಟ್ಟ ಸುದ್ದಿ ಹೇಳುವ ಕ್ರಮವಾದ ಸ್ಪೈಕ್ಸ್‌ನ ಆರೂ ಹೆಜ್ಜೆಗಳನ್ನು ವೈವಾದಲ್ಲಿ ಪಟಪಟ ಒಪ್ಪಿಸಿದರು. ವಾರ್ಡಿಗೆ ಹೋದರೆ ಕಣ್ಣು ಮತ್ತೆ ಕೇಸ್‌ಶೀಟ್ ಮೇಲೆಯೇ. ಅವರವರಲ್ಲೇ ರೋಲ್‌ಪ್ಲೇ ಮಾಡಿಸಿದೆ. ಕ್ಲಾಸ್‌ಮೇಟೇ ಪೇಷಂಟ್ ಆದರೆ ಯಾರಿಗೆ ನಗು ತಡೆಯುತ್ತದೆ?

ಪೇಷಂಟ್ ಪಾತ್ರಕ್ಕೆ ನಾಟಕದವರನ್ನು ಕರೆಸೋಣ ಅಂದಾಗ ಸ್ಟಾಫ್‌ರೂಮಿನಲ್ಲಿ ‘ಮೇಷ್ಟ್ರು ಕಂಪನಿ ಕಟ್ತಿದಾರೆ’ ಅಂತ ತಮಾಷೆ. ಅಮೆರಿಕದಲ್ಲಿ ಡಾಕ್ಟರ್ ಹೊವರ್ಡ್ ಬ್ಯಾರೋಸ್ 1963ರಲ್ಲೇ ಮಾಡಿದ್ದು ಇದನ್ನೇ ಅಂದೆ. ‘ಅಲ್ಲಿ ದುಡ್ಡಿದೆ’ ಅಂದರು. ಇಲ್ಲಿನ ಲೆಕ್ಕ ಕೇಳಿ. ಒಬ್ಬರಿಗೆ ಮಧ್ಯಾಹ್ನಕ್ಕೆ 500 ರೂಪಾಯಿ, ಬಸ್ ಚಾರ್ಜು, ಮಂಡಕ್ಕಿ-ಮಿರ್ಚಿ. ವರ್ಷಕ್ಕೆ 18-20 ಸಾವಿರ ಆಗಿರಬಹುದು, ಮೊದಲ ವರ್ಷ ನನ್ನ ಜೇಬಿನಿಂದಲೇ. ಸ್ಕಿಲ್ ಲ್ಯಾಬಿನ ಬೊಂಬೆಗೆ ಲಕ್ಷಗಟ್ಟಲೆ ಸುರಿದಿದ್ದಾರೆ. ಅದು ಅಳುವುದೂ ಇಲ್ಲ, ಬೈಯುವುದೂ ಇಲ್ಲ.

ದಾವಣಗೆರೆಯಲ್ಲಿ ಕಲಾವಿದರಿಗೇನು ಬರ? ಆದರೆ ಕಂಪನಿ ನಾಟಕದ ಹಿರಿಯರೊಬ್ಬರು ಹೊಟ್ಟೆನೋವನ್ನು ಕೊನೇ ಸಾಲಿಗೂ ಕೇಳಿಸುವಂತೆ ಅಭಿನಯಿಸಿದರು. ಪಕ್ಕದ ಹಾಲಿನವರು ಓಡಿ ಬಂದರು. ಕಡೆಗೆ ಕೈಹಿಡಿದದ್ದು ಹವ್ಯಾಸಿ ತಂಡದ ಟೈಲರಮ್ಮ. ಪಾತ್ರ ಶುಗರ್ ಪೇಷಂಟ್‌ದು, ಕಾಲಿಗೆ ಬ್ಯಾಂಡೇಜು. ಹುಡುಗಿಯೊಬ್ಬಳು ನಿಂತುಕೊಂಡೇ ಹಿಸ್ಟರಿ ಶುರು ಮಾಡಿದಳು.

‘ಡಾಕ್ಟ್ರಮ್ಮ, ಕಾಲು ತೆಗೀತೀರೇನು?’

‘ಅದನ್ನ ಸರ್ಜನ್ ಹೇಳ್ತಾರೆ. ಎಲೆ-ಅಡಿಕೆ ಹಾಕ್ತೀರಾ?’

ಅಲ್ಲಿಗೆ ಟೈಲರಮ್ಮನ ಬಾಯಿ ಬಂದ್. ಆಮೇಲೆ ಬರೀ ‘ಹೂಂ’, ‘ಇಲ್ಲ’. ಮುಂದಿನ ಹುಡುಗ ಸ್ಟೂಲ್ ಎಳೆದು ಕುಳಿತ. ‘ಅದೇ ಚಿಂತೆ ಆಗಿದೆಯಾ ಅಮ್ಮ?’ ಅಂತ ಕೇಳಿ ಸುಮ್ಮನಾದ. ಮಾತ್ರೆ ಬಿಟ್ಟು ಎರಡು ತಿಂಗಳಾಗಿದ್ದು, ಮಗನ ಸಾಲ, ಎಲ್ಲಾ ಹೊರಗೆ ಬಂತು.

ಫೀಡ್‌ಬ್ಯಾಕ್ ಪೇಷಂಟೇ ಕೊಡಬೇಕು, ನಾನು ಬಾಯಿ ಹಾಕುವುದಿಲ್ಲ. ಟೈಲರಮ್ಮ ಆ ಹುಡುಗಿಗೆ ಅಂದದ್ದು ಇಷ್ಟೇ: ‘ನೀವು ಗಡಿಯಾರ ನೋಡಿದ್ರಲ್ಲಮ್ಮ, ಇನ್ನೇನೂ ಹೇಳೋದು ಬೇಡ ಅನ್ನಿಸ್ತು.’ ಇದಕ್ಕೆ ಮಾರ್ಕ್ಸ್ ಇಡಬೇಡಿ. ಇಟ್ಟರೆ ಹುಡುಗರೂ ನಾಟಕ ಶುರು ಮಾಡುತ್ತಾರೆ.

ಮೊಬೈಲಲ್ಲಿ ವಿಡಿಯೋ ಮಾಡಿ ತೋರಿಸಿದ್ದೂ ಉಂಟು. ಎಲ್ಲರೂ ತಮ್ಮ ಕೂದಲು ನೋಡಿಕೊಂಡರು, ಅಷ್ಟೇ. ಇನ್ನೊಂದು ಮಜಾ ಅಂದರೆ, ಹೊರರಾಜ್ಯದ ಹುಡುಗರು ಅರ್ಧಂಬರ್ಧ ಕನ್ನಡದಲ್ಲೇ ನಮ್ಮವರನ್ನು ಮೀರಿಸಿದರು. ಅವರು ಪದ ಹುಡುಕುವ ಹೊತ್ತಿಗೆ ಪೇಷಂಟೇ ಮಾತಾಡಿಬಿಡುತ್ತಾರೆ ಅಲ್ವಾ!

ಒಳಗೆ ಕಳಿಸುವ ಮುಂಚೆ ನಟರ ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಅಂದು ತಮಾಷೆ ಮಾಡಿದವರೇ ಈಗ ಟೈಲರಮ್ಮನ ನಂಬರ್ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ. ರೇಟು 700 ಆಗಿದೆ ಅಂತಲೂ ಹೇಳಿದ್ದೇನೆ.