ಅಡಿಕೆ ಮಂಡಿಯಿಂದ ಸಕ್ರೆಬೈಲಿನವರೆಗೆ: 41ರಲ್ಲಿ ಓಡಲು ಕಲಿತದ್ದು

ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಹತ್ತಕ್ಕೆ ಕುರ್ಚಿ ಹಿಡಿದರೆ, ಕೊಯ್ಲಿನ ಕಾಲದಲ್ಲಿ ರಾತ್ರಿ ಎಂಟರವರೆಗೆ ಊಟಕ್ಕೂ ಕಾಫಿಗೂ ಬಿಟ್ಟರೆ ಏಳುವ ಪ್ರಸಂಗವೇ ಇರುವುದಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ಅಡಿಕೆ ಚೀಲಗಳ ಲೆಕ್ಕ ಹಾಕುತ್ತ ಹದಿನೇಳು ವರ್ಷ ಕಳೆದ ಮೇಲೆ, 41ನೆಯ ವಯಸ್ಸಿನಲ್ಲಿ ಒಂದು ದಿನ ಅಕ್ಕಿ ಚೀಲ ಹೊತ್ತು ಮಹಡಿ ಹತ್ತುವಾಗ ಅರ್ಧದಲ್ಲೇ ಏದುಸಿರು ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ‘ಮಂಡಿಯಲ್ಲಿ ಕೂತು ಕೂತು ಮಂಡಿಯೇ ಹೋಯಿತು’ ಎಂದು ಹೆಂಡತಿ ನಕ್ಕಳು. ಓಟದ ಯೋಚನೆ ಬಂದದ್ದು ಆ ನಗುವಿನಿಂದಲೇ ಹೊರತು ಯಾವ ದೊಡ್ಡ ಸಂಕಲ್ಪದಿಂದಲೂ ಅಲ್ಲ.

ಮೊದಲು ವೈದ್ಯರಲ್ಲಿಗೆ ಹೋಗಿ ರಕ್ತದೊತ್ತಡ, ಸಕ್ಕರೆ ಅಂಶ, ಇಸಿಜಿ ಮೂರನ್ನೂ ನೋಡಿಸಿಕೊಂಡೆ. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು, ಈ ಕೆಲಸವನ್ನು ಮುಂದೂಡಬಾರದು. ಅನುಮತಿ ಸಿಕ್ಕ ಮರುದಿನವೇ ನಸುಕಿನಲ್ಲಿ ನೆಹರೂ ಕ್ರೀಡಾಂಗಣಕ್ಕೆ ಹೋದೆ. ಹೈಸ್ಕೂಲಿನಲ್ಲಿ ಓಡಿದ ನೆನಪೊಂದೇ ನನ್ನ ಬಂಡವಾಳವಾಗಿತ್ತು. ಓಟವೆಂದರೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡುವುದೆಂದು ತಿಳಿದು ಹೊರಟವನು, ಒಂದು ಸುತ್ತು ಮುಗಿಯುವ ಮೊದಲೇ ಪಕ್ಕೆ ಹಿಡಿದುಕೊಂಡು ಬಗ್ಗಿ ನಿಂತೆ. ನಡಿಗೆಗೆ ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದು, ‘ಎಂತ ಮಾರಾಯ್ರೆ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ? ನಿಧಾನ ಓಡಿ’ ಎಂದರು. ನನಗೆ ಸಿಕ್ಕ ತರಬೇತಿಯಲ್ಲಿ ಅತ್ಯಂತ ಉಪಯುಕ್ತವಾದ ಮಾತು ಅದೇ ಆಗಿತ್ತೆಂದು ಅರ್ಥವಾಗಲು ನಾಲ್ಕು ತಿಂಗಳು ಬೇಕಾಯಿತು.

ಮುಂದೆ ನಾನು ಹಿಡಿದದ್ದು ಒಂಬತ್ತು ವಾರಗಳ ಒಂದು ಕ್ರಮವನ್ನು. 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಎಂಬವರು ತಮ್ಮ ತಾಯಿಯೂ ಓಡಲು ಶುರುಮಾಡಲಿ ಎಂದು ಯೋಚಿಸಿ ರೂಪಿಸಿದ ಕ್ರಮ ಅದು. ವಾರಕ್ಕೆ ಮೂರೇ ದಿನ ಓಟ. ಮೊದಲ ವಾರದಲ್ಲಿ ಐದು ನಿಮಿಷ ಬಿರುಸಾಗಿ ನಡೆದ ಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ 20 ನಿಮಿಷ. ವಾರ ಕಳೆದಂತೆ ಓಟದ ಪಾಲು ಹೆಚ್ಚುತ್ತ, ಕೊನೆಗೆ ನಿಲ್ಲದೆ ಅರ್ಧ ಗಂಟೆ ಓಡುವಲ್ಲಿಗೆ ಅದು ಮುಟ್ಟುತ್ತದೆ. ಕ್ರೀಡಾಂಗಣದ ಒಳಗಿನ ಪಥ 400 ಮೀಟರ್ ಇರುವುದರಿಂದ ಐದು ಕಿಲೋಮೀಟರಿಗೆ ಹನ್ನೆರಡೂವರೆ ಸುತ್ತು. ಲೆಕ್ಕದವನಾದ ನನಗೆ ಆ ಅರ್ಧ ಸುತ್ತು ಬಹಳ ದಿನ ಕಿರಿಕಿರಿ ಮಾಡಿತು. ಓಟ ಮುಗಿದಾಗ ಚಪ್ಪಲಿ ಬಿಟ್ಟ ಜಾಗ ಎದುರು ದಂಡೆಯಲ್ಲಿರುತ್ತಿತ್ತು.

ನಾಲ್ಕನೆಯ ವಾರದ ಹೊತ್ತಿಗೆ ಉಸಿರು ಎಷ್ಟೋ ಹಿಡಿತಕ್ಕೆ ಬಂದಿತ್ತು. ಅದೇ ಹುರುಪಿನಲ್ಲಿ ಪೊಲೀಸ್ ನೇಮಕಾತಿಗೆ ತಯಾರಾಗುತ್ತಿದ್ದ ಹುಡುಗರ ಜೊತೆ ಸೇರಿಕೊಂಡು, ಕ್ರಮವನ್ನು ಬದಿಗಿಟ್ಟು, ಒಂದು ವಾರ ದಿನವೂ ಓಡಿದೆ. ಏಳನೆಯ ದಿನ ಎಡಗಾಲಿನ ಮೊಣಕಾಲಿನಿಂದ ಕೆಳಗೆ, ಎಲುಬಿನ ಒಳಬದಿಯಲ್ಲಿ, ಬೆರಳಿಟ್ಟರೆ ಜೀವ ಹೋಗುವಂಥ ನೋವು ಕಾಣಿಸಿಕೊಂಡಿತು. ಮೂರು ವಾರ ಓಟ ನಿಂತಿತು. ಆಗ ಫಿಸಿಯೋಥೆರಪಿಸ್ಟ್ ಒಬ್ಬರು ತಿಳಿಸಿ ಹೇಳಿದ ಸಂಗತಿಯನ್ನು ಮೊದಲೇ ತಿಳಿದಿದ್ದರೆ ಆ ಮೂರು ವಾರ ಉಳಿಯುತ್ತಿತ್ತು. ಹೃದಯ ಮತ್ತು ರಕ್ತಪರಿಚಲನೆ ಹೊಸ ದುಡಿಮೆಗೆ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳಿಗೆ ತಿಂಗಳುಗಳೇ ಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ‘ಇನ್ನೂ ಓಡಬಹುದು’ ಎಂದು ಎದೆ ಹೇಳುವ ದಿನಗಳಲ್ಲಿ ಕಾಲು ಇನ್ನೂ ಸಿದ್ಧವಾಗಿರುವುದೇ ಇಲ್ಲ, ಮತ್ತು ವಯಸ್ಸಾದ ಮೇಲೆ ಓಡಲು ಶುರುಮಾಡುವವರಲ್ಲಿ ಹೆಚ್ಚಿನವರು ಎಡವುವುದು ಈ ಎರಡರ ನಡುವಿನ ಅಂತರದಲ್ಲೇ ಎಂಬುದು ನನ್ನ ಅನಿಸಿಕೆ.

ಹಾಗಾಗಿ ಎರಡನೆಯ ಸಲ ಶುರುಮಾಡಿದಾಗ ಎರಡು ಕಟ್ಟುಪಾಡು ಹಾಕಿಕೊಂಡೆ. ಮಗ್ಗುಲಲ್ಲಿರುವವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗದಷ್ಟು ವೇಗ ಬಂದರೆ ತಕ್ಷಣ ನಿಧಾನಿಸುವುದು ಒಂದು. ಜೊತೆಗಾರರಿಲ್ಲದ ದಿನ ನಾನು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ನಡುವೆ ಉಸಿರು ತುಂಡಾದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಓಟವಿಲ್ಲದ ದಿನಗಳಲ್ಲಿ ಮೆಟ್ಟಿಲ ಅಂಚಿನ ಮೇಲೆ ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುತ್ತ, ಹದಿನೈದರಂತೆ ಮೂರು ಸರತಿ, ಮೀನಖಂಡವನ್ನು ಗಟ್ಟಿಮಾಡಿಕೊಳ್ಳುವುದು ಇನ್ನೊಂದು. ಈ ನಿಯಮದಂತೆ ನನ್ನ ವೇಗ ಕಿಲೋಮೀಟರಿಗೆ ಎಂಟು ನಿಮಿಷಕ್ಕೆ ಇಳಿಯಿತು. ಬಿರುಸಾಗಿ ನಡೆಯುವ ಹೆಂಗಸರು ನನ್ನ ಪಕ್ಕದಲ್ಲೇ ಇರುತ್ತಿದ್ದರು. ಆರಂಭದಲ್ಲಿ ನಾಚಿಕೆಯಾಗುತ್ತಿದ್ದುದು ನಿಜ.

ಶೂಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಬೇಕು, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಬೇಕು, ಅಷ್ಟೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಅವನ್ನು ಒಣಗಿಸುವುದೇ ಒಂದು ವಿದ್ಯೆ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಮನೆಗೆ ಜುಲೈ ತಿಂಗಳಲ್ಲಿ ಹೋದಾಗ, ನೆನೆದ ಶೂಗಳನ್ನು ಕಂಬಳಿ ಒಣಗಿಸುವ ಹಾಗೆ ಬಚ್ಚಲೊಲೆಯ ಬದಿಗೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬಿಸಿಗೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದುಕೊಂಡಿತ್ತು. ಆಮೇಲಿಂದ ಒಳಗಿನ ಪದರವನ್ನು ತೆಗೆದು ಬೇರೆಯಾಗಿ ಹಾಕುತ್ತೇನೆ, ಶೂ ತುಂಬ ಹಳೆಯ ಪತ್ರಿಕೆ ತುರುಕುತ್ತೇನೆ, ಎರಡು ಗಂಟೆಗೊಮ್ಮೆ ಕಾಗದ ಬದಲಿಸುತ್ತೇನೆ. ರಾತ್ರಿ ಕಳೆಯುವುದರೊಳಗೆ ಒಣಗುತ್ತವೆ. ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ಕಾಟ ಡಾಂಬರು ರಸ್ತೆಯ ಮೇಲೆ ಓಡುವವರಿಗಿಲ್ಲ. ತೋಟದ ಬದಿಯ ಹುಲ್ಲಿನಲ್ಲಿ ನಿಂತು ಕಾಲು ಚಾಚುವವರಿಗೆ ಇದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿರುವುದರಿಂದ, ಅದು ಬಿದ್ದುಹೋದ ಮೇಲೂ ಕಾಲುಚೀಲ ಕೆಂಪಾಗುತ್ತಲೇ ಇರುತ್ತದೆ. ಅದನ್ನು ನೋಡಿ ಗಾಬರಿಗೊಳ್ಳಬೇಕಾಗಿಲ್ಲ.

ಹಳ್ಳಿಯ ದಾರಿಯಲ್ಲಿ ನೂರು ಹೆಜ್ಜೆ ಸಮತಟ್ಟು ಸಿಗುವುದು ಕಷ್ಟ. ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ, ಬೇಕಾದರೆ ನಡೆದುಬಿಡುವುದು ನನಗೆ ಬೇಗನೆ ಒಗ್ಗಿತು. ಮೋಸ ಮಾಡಿದ್ದು ಇಳಿಜಾರು. ಉಸಿರಿಗೆ ಹಗುರವೆಂದು ಉದ್ದ ಹೆಜ್ಜೆ ಹಾಕಿ ಜಿಗಿಯುತ್ತ ಇಳಿದ ದಿನ ಏನೂ ಅನ್ನಿಸಲಿಲ್ಲ. ಮೂರನೆಯ ದಿನ ಮಾತ್ರ ಜಗಲಿಯ ಎರಡು ಮೆಟ್ಟಿಲಿಳಿಯಲು ಕಂಬ ಹಿಡಿಯಬೇಕಾಯಿತು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ, ಆ ನೋವು ಒಂದೆರಡು ದಿನ ತಡವಾಗಿಯೇ ಬರುತ್ತದೆ. ‘ಓಡ್ಲಿಕ್ಕೆ ಎಂತ ಬಂತೋ ನಿಂಗೆ, ತೋಟಕ್ಕೆ ಮಣ್ಣು ಹೊತ್ತಿದ್ರೆ ಆಗ್ತಿತ್ತು’ ಎಂದು ಅಮ್ಮ ಬಿಸಿ ಕಡುಬಿನ ತಟ್ಟೆಯನ್ನು ನಾನಿದ್ದಲ್ಲಿಗೇ ತಂದುಕೊಟ್ಟಳು.

ಹೀಗೆ ನಿಧಾನವಾಗಿಯೇ ಒಂದು ವರ್ಷ ಹತ್ತು ತಿಂಗಳು ಕಳೆದವು. ಕೊಯ್ಲಿನ ಕಾಲದಲ್ಲಿ ವಾರಕ್ಕೆ ಎರಡೇ ದಿನ ಆದದ್ದುಂಟು, ಆಗದೇ ಹೋದ ವಾರಗಳೂ ಉಂಟು. ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಗಿನ ಆರಕ್ಕೆ, ತೀರ್ಥಹಳ್ಳಿ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಬೀಳುವ ಹಾಗೆ, ಸುಮಾರು 14 ಕಿಲೋಮೀಟರ್ ದೂರದಲ್ಲಿ ಆನೆ ಬಿಡಾರವಿರುವ ಸಕ್ರೆಬೈಲಿಗೆ ಹೊರಟೆ. ಕಿಸೆಯಲ್ಲಿ ಎರಡು ಏಲಕ್ಕಿ ಬಾಳೆಹಣ್ಣು, ಬಸ್ ಚಾರ್ಜು. ಗಾಜನೂರು ದಾಟುವಾಗ ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಎರಡು ಗಂಟೆಗೆ ಐದು ನಿಮಿಷ ಕಡಿಮೆ ಹಿಡಿಯಿತು, ಮಗ್ಗಿ ಒಮ್ಮೆಯೂ ತಪ್ಪಲಿಲ್ಲ. ಬಿಡಾರದ ಆನೆಗಳು ತುಂಗೆಯ ನೀರಿಗಿಳಿದು ಒರಗಿಕೊಂಡು ಮೈ ಉಜ್ಜಿಸಿಕೊಳ್ಳುವುದನ್ನು ಸ್ವಲ್ಪ ಹೊತ್ತು ನೋಡಿ, ಬೆವರಿದ ಅಂಗಿಯಲ್ಲೇ ಶಿವಮೊಗ್ಗದ ಬಸ್ಸು ಹತ್ತಿದೆ. ಟಿಕೆಟ್ ಹರಿಯುತ್ತ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಸಾರ್, ಗಾಡಿ ಕೆಟ್ಟೋಯ್ತಾ?’ ಎಂದು ಕೇಳಿದ. ಇಲ್ಲ, ಓಡಿಕೊಂಡು ಬಂದೆ ಎಂದರೆ ನಂಬದೆ, ‘ಮೆಕ್ಯಾನಿಕ್ ಗಾಜನೂರಲ್ಲಿ ಸಿಗ್ತಾನೆ’ ಎಂದು ಹೇಳಿ ಮುಂದಿನ ಸೀಟಿಗೆ ಹೋದ.